ಖಾಲಿ ಬಿಟ್ಟ ಒಂದನೇ ಎಣಿಕೆ: ಲೆಡ್ ಝೆಪ್ಪೆಲಿನ್ ರೆಗ್ಗೆ ಜಗಳವನ್ನು ಕೇಳುವ ಬಗೆ

ಬ್ರಿಟನ್ನಿನ ರಾಕ್ ತಂಡ ಲೆಡ್ ಝೆಪ್ಪೆಲಿನ್‌ನ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಎಲ್ಲ ಹಾಡುಗಳ ಬಗ್ಗೆ ಒಮ್ಮತ ಇರುತ್ತದೆ, ಒಂದನ್ನು ಬಿಟ್ಟು. 1973ರ ಮಾರ್ಚ್‌ನಲ್ಲಿ ಬಂದ ‘ಹೌಸಸ್ ಆಫ್ ದ ಹೋಲಿ’ ಆಲ್ಬಮ್‌ನ ಎರಡನೇ ಬದಿಯಲ್ಲಿ, ‘ಡ್ಯಾನ್ಸಿಂಗ್ ಡೇಸ್’ ಮುಗಿದ ಮೇಲೆ ಡ್ರಮ್ಸ್ ದಡಬಡನೆ ಉರುಳಿಕೊಂಡು ಬಂದು ಶುರುವಾಗುವ ‘D'yer Mak'er’ ಎಂಬ ಹಾಡು ಅದು. ಒಬ್ಬರಿಗೆ ಅದು ಬೇಸಿಗೆಯ ಮಧ್ಯಾಹ್ನದ ಹಗುರ ಹಾಡು, ಇನ್ನೊಬ್ಬರಿಗೆ ಇಡೀ ಆಲ್ಬಮ್‌ನ ಕಪ್ಪುಚುಕ್ಕೆ. ಮೂರನೆಯವರು ‘ಅದು ರೆಗ್ಗೆನೇ ಅಲ್ಲ ಬಿಡ್ರೀ’ ಅಂತಾರೆ. ಈ ಮೂರನೇ ಮಾತನ್ನು ಹಿಡಿದುಕೊಂಡು ಹೋದರೆ ಜಮೈಕಾದ ಸಂಗೀತವಾದ ರೆಗ್ಗೆ ಅಂದರೇನು ಅನ್ನುವ ಪಾಠವೇ ಆಗಿಬಿಡುತ್ತದೆ. ಈ ಟಿಪ್ಪಣಿ ಅದಕ್ಕಾಗಿ.

ಮೊದಲು ಹೆಸರಿನ ಗಂಟು ಬಿಡಿಸೋಣ. ರೆಕಾರ್ಡಿನ ಹೊದಿಕೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ನೋಡಿ ನಾನು ಬಹುಕಾಲ ‘ಡೈಯರ್ ಮೇಕರ್’ ಎಂದೇ ಓದುತ್ತಿದ್ದೆ. ಬಣ್ಣ ಹಾಕುವವನ ಕಥೆಯೋ ಏನೋ ಅಂದುಕೊಂಡಿದ್ದೆ. ಅದು ಇಂಗ್ಲೆಂಡಿನ ಹಳೇ ಹಾಸ್ಯವೊಂದರ ತುಣುಕು. ‘ನನ್ನ ಹೆಂಡತಿ ವೆಸ್ಟ್ ಇಂಡೀಸಿಗೆ ಹೋದಳು’ ಅಂತ ಒಬ್ಬ. ‘ಜಮೈಕಾ?’ ಅಂತ ಇನ್ನೊಬ್ಬ. ‘ಇಲ್ಲಪ್ಪ, ಅವಳೇ ಇಷ್ಟಪಟ್ಟು ಹೋದಳು.’ ‘ನೀನೇ ಬಲವಂತ ಮಾಡಿ ಕಳಿಸಿದೆಯಾ’ ಅನ್ನುವ ಇಂಗ್ಲಿಷ್ ಮಾತನ್ನು (‘ಡಿಡ್ ಯೂ ಮೇಕ್ ಹರ್?’) ಬ್ರಿಟಿಷರ ಬಾಯಲ್ಲಿ ‘ರ’ಕಾರ ನುಂಗಿ ಬೇಗ ಹೇಳಿದರೆ ‘ಜಮೈಕಾ’ ಅಂತಲೇ ಕೇಳುತ್ತದೆ. ಹಾಡಿನ ಹೆಸರು ಆ ಪ್ರಶ್ನೆಯೇ. ಅಂದರೆ ‘ಇದು ತಮಾಷೆ’ ಎಂಬ ಚೀಟಿಯನ್ನು ತಂಡವೇ ಹಣೆಗೆ ಅಂಟಿಸಿ ಕಳಿಸಿದೆ. ಜಗಳದ ಅರ್ಧ ಭಾಗ ಹುಟ್ಟಿದ್ದು ಈ ಚೀಟಿಯಿಂದ.

ಈಗ ರೆಗ್ಗೆಯ ಎಲುಬಿಗೆ ಬರೋಣ. ನಮ್ಮಲ್ಲಿ ಹೆಚ್ಚಿನವರು ರೆಗ್ಗೆಯನ್ನು ಗುರುತಿಸುವುದು ಗಿಟಾರಿನ ‘ಚಕ್... ಚಕ್’ ಸದ್ದಿನಿಂದ. ಜಮೈಕಾದ ವಾದಕರು ಇದನ್ನು ಸ್ಕ್ಯಾಂಕ್ ಅನ್ನುತ್ತಾರೆ. ನಾಲ್ಕು ಎಣಿಕೆಯ ಆವರ್ತ ಹಿಡಿದುಕೊಳ್ಳಿ: ಒಂದು, ಎರಡು, ಮೂರು, ನಾಲ್ಕು. ಸ್ಕ್ಯಾಂಕ್ ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. (ಕೆಲವು ಪುಸ್ತಕಗಳು ದುಪ್ಪಟ್ಟು ನಿಧಾನವಾಗಿ ಎಣಿಸಿ, ಅದನ್ನು ಎಣಿಕೆಗಳ ನಡುವಿನ ಅರ್ಧದಲ್ಲಿ ತೋರಿಸುತ್ತವೆ. ಗಾಬರಿ ಬೇಡ, ಸದ್ದು ಅದೇ.) ಕರ್ನಾಟಕ ಸಂಗೀತ ಕಲಿತವರಿಗೆ ಇದು ಕಷ್ಟವಾಗಬಾರದು. ಅರ್ಧ ಎಣಿಕೆ ಬಿಟ್ಟು ಎತ್ತಿಕೊಳ್ಳುವ ಕೃತಿ ಹಾಡುವಾಗ ಕೈ ತಟ್ಟಿದ ಜಾಗದಲ್ಲಿ ಬಾಯಿ ಸುಮ್ಮನಿರುತ್ತದಲ್ಲ, ಆ ಸುಮ್ಮನಿರುವ ಅಭ್ಯಾಸವೇ ಇಲ್ಲಿ ಗಿಟಾರಿಗೆ ಬೇಕು.

ಆದರೆ ಸ್ಕ್ಯಾಂಕ್ ರೆಗ್ಗೆಯ ಅಂಗಿ ಮಾತ್ರ, ಮೈ ಇರುವುದು ಕೆಳಗೆ. ಒನ್ ಡ್ರಾಪ್ ಎಂಬ ಡ್ರಮ್ಸ್ ನಡೆಯಲ್ಲಿ ಒಂದನೇ ಎಣಿಕೆಗೆ ಪೆಟ್ಟೇ ಇಲ್ಲ! ರಾಕ್ ಸಂಗೀತದಲ್ಲಿ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ದಪ್ಪನೆ ಬೀಳುವ ಜಾಗ ಅದು, ನಮ್ಮಲ್ಲಾದರೆ ಸಮ. ಅದನ್ನೇ ‘ಡ್ರಾಪ್’ ಮಾಡುತ್ತಾರೆ, ಬಿಟ್ಟುಬಿಡುತ್ತಾರೆ. ಕಿಕ್ ಡ್ರಮ್ಮೂ ಕೋಲಿನಿಂದ ಬಾರಿಸುವ ಸ್ನೇರ್ ಡ್ರಮ್ಮಿನ ಅಂಚಿನ ಟಕ್ಕೂ ಒಟ್ಟಿಗೆ ಬೀಳುವುದು ಮೂರರ ಮೇಲೆ. ಹೀಗೆ ತೆರವಾದ ಜಾಗದಲ್ಲಿ ಬೇಸ್ ಗಿಟಾರ್ ಓಡಾಡುತ್ತದೆ, ರಾಗವನ್ನೇ ಹೊತ್ತುಕೊಂಡು. ಬಾಬ್ ಮಾರ್ಲಿಯ ವೇಲರ್ಸ್ ತಂಡದ ಬ್ಯಾರೆಟ್ ಸಹೋದರರು, ಡ್ರಮ್ಸ್‌ಗೆ ಕಾರ್ಲ್‌ಟನ್, ಬೇಸ್‌ಗೆ ಆಸ್ಟನ್, ಇದರ ಉಸ್ತಾದರು. ನೀವೇ ಕಾಲಲ್ಲಿ ತಾಳ ಹಾಕಿ ನೋಡಿ: ಒಂದಕ್ಕೆ ಕಾಲು ಎತ್ತಿಯೇ ಇರಬೇಕು, ಮೂರಕ್ಕೆ ಇಳಿಯಬೇಕು. ಹತ್ತು ಆವರ್ತ ತಪ್ಪದೆ ಮಾಡಿದರೆ ದೊಡ್ಡದು.

ಈ ಕಿವಿಯಿಂದ ಝೆಪ್ಪೆಲಿನ್ ಹಾಡಿಗೆ ಮರಳಿ. ಜಿಮ್ಮಿ ಪೇಜ್‌ನ ಗಿಟಾರ್ ಸ್ಕ್ಯಾಂಕ್ ಮಾಡುತ್ತಿದೆ, ಅನುಮಾನವಿಲ್ಲ. ಡ್ರಮ್ಸ್‌ನತ್ತ ತಿರುಗಿ. ಜಾನ್ ಬೋನಮ್ ಯಾವ ಎಣಿಕೆಯನ್ನೂ ಖಾಲಿ ಬಿಡುವ ಆಸಾಮಿ ಅಲ್ಲ. ಮೈಕುಗಳನ್ನು ದೂರದಲ್ಲಿಟ್ಟು ಹಿಡಿದ ಅವನ ಪೆಟ್ಟುಗಳು ದೊಡ್ಡ ಹಜಾರದಲ್ಲಿ ಪೀಠೋಪಕರಣ ಎತ್ತಿಹಾಕಿದಂತೆ ಬೀಳುತ್ತವೆ. ಬಾರಿಸುತ್ತಿರುವುದು ಷಫಲ್. ಪ್ರತಿ ಎಣಿಕೆಯಲ್ಲೂ ‘ತಕಿಟ’ ಹೇಳಿ ನಡುವಿನ ‘ಕಿ’ ನುಂಗಿದರೆ ಬರುವ ತಿಸ್ರ ನಡೆ. ಹೀಗಾಗಿ ಮೇಲೆ ಜಮೈಕಾ, ಕೆಳಗೆ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್. ಅಂಗಿಯ ಅಳತೆ ಮೈಗೆ ಕೂಡಿಬಂದಿಲ್ಲ.

ಇದನ್ನು ನಾನು ಕಂಡುಹಿಡಿದದ್ದೇನೂ ಅಲ್ಲ. ತಂಡದ ಬೇಸ್ ವಾದಕ ಜಾನ್ ಪಾಲ್ ಜೋನ್ಸ್‌ಗೇ ಈ ಹಾಡು ಹಿಡಿಸಿರಲಿಲ್ಲ. ತಮಾಷೆಯಾಗಿ ಶುರುವಾದದ್ದನ್ನು ಯಾರೂ ಕೂತು ತಿದ್ದಲಿಲ್ಲ, ಬೋನಮ್‌ಗೆ ರೆಗ್ಗೆ ಬಾರಿಸುವುದೆಂದರೆ ಬೇಜಾರು, ಆದ್ದರಿಂದ ಹಾಡಿನುದ್ದಕ್ಕೂ ಒಂದೇ ಷಫಲ್ ಹೊಡೆದ ಎಂಬ ಅರ್ಥದ ಮಾತನ್ನು ಜೋನ್ಸ್ ಮುಂದೆ ಆಡಿದ್ದಾನೆ. ಪಕ್ಕದಲ್ಲೇ ನಿಂತು ಬೇಸ್ ನುಡಿಸಿದವನ ದೂರು ಇದು. ಅಭಿಮಾನಿಗಳ ನೂರು ವಾದಕ್ಕಿಂತ ಇದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ತಂಡ ಇದನ್ನು ವೇದಿಕೆಯ ಮೇಲೆ ಒಮ್ಮೆಯೂ ಪೂರ್ತಿ ನುಡಿಸಲಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ. ಹಾಗಿದ್ದೂ ಅಮೆರಿಕದಲ್ಲಿ ಸಿಂಗಲ್ ಆಗಿ ಬಂದು ಬಿಲ್‌ಬೋರ್ಡ್ ಪಟ್ಟಿಯ 20ನೇ ಸ್ಥಾನಕ್ಕೆ ಏರಿತು.

ಹಾಗಾದರೆ ‘ಕೆಟ್ಟ ರೆಗ್ಗೆ’ ಅಂತ ಷರಾ ಬರೆದು ಮುಂದೆ ಹೋಗೋಣವೇ? ಇಲ್ಲೇ ತಡೆಯಿರಿ. ಕಾರ್ಡ್‌ಗಳನ್ನು ಕೇಳಿ: ಸಿ, ಎ ಮೈನರ್, ಎಫ್, ಜಿ. ಈ ನಾಲ್ಕರ ಸರಪಳಿ 1950ರ ದಶಕದ ಅಮೆರಿಕದ ಡೂ-ವಾಪ್ ಹಾಡುಗಳ ಅನ್ನ-ಸಾರು. ಬೀದಿಮೂಲೆಯಲ್ಲಿ ನಿಂತ ಹುಡುಗರು ವಾದ್ಯವಿಲ್ಲದೆ ದನಿ ಸೇರಿಸಿ, ‘ಓ ಓ ಓ’ ಎಂದು ಎಳೆದು ಹಾಡುತ್ತಿದ್ದ ವಿರಹಗೀತೆಗಳು. ಝೆಪ್ಪೆಲಿನ್‌ನ ಗಾಯಕ ರಾಬರ್ಟ್ ಪ್ಲಾಂಟ್ ಇಲ್ಲಿ ಮಾಡುತ್ತಿರುವುದೂ ಅದನ್ನೇ: ಹುಡುಗಿ ಬಿಟ್ಟುಹೋಗುತ್ತಿದ್ದಾಳೆ, ಹುಡುಗ ಸ್ವರಾಕ್ಷರಗಳನ್ನು ಜಗ್ಗಿ ಜಗ್ಗಿ ಗೋಳಾಡುತ್ತಿದ್ದಾನೆ. ಆಲ್ಬಮ್ ಹೊದಿಕೆಯಲ್ಲಿ ‘ರೋಸಿ ಆ್ಯಂಡ್ ದ ಒರಿಜಿನಲ್ಸ್ ಏನಾದರು?’ ಅಂತ ಒಂದು ಸಾಲು ಬೇರೆ ಇದೆ. ರೋಸಿಯ ತಂಡ 1960ರಲ್ಲಿ ‘ಏಂಜಲ್ ಬೇಬಿ’ ಹಾಡಿ ಮಿಂಚಿ ಮರೆಯಾದದ್ದು. ರೆಗ್ಗೆಯ ಜೊತೆಗೆ ಐವತ್ತರ ದಶಕದ ಹಾಡುಗಳ ಗುಂಗನ್ನೂ ಬೆರೆಸಿದ್ದೇವೆ, ಜನಕ್ಕೆ ಅದು ಗೊತ್ತಾಗಲೇ ಇಲ್ಲ ಎಂದು ಪೇಜ್ ಹೇಳಿಕೊಂಡದ್ದೂ ಇದನ್ನೇ.

ಕಲಿಯುವವರು ನಿಂತು ನೋಡಬೇಕಾದ ಜಾಗ ಇದೇ. ಡೂ-ವಾಪ್ ಮತ್ತು ರೆಗ್ಗೆ ಎಲ್ಲಿಂದೆಲ್ಲಿಗೋ ಹೊಂದಿಸಿದ ಜೋಡಿ ಅಲ್ಲ, ಹತ್ತಿರದ ನೆಂಟರು. 1950ರ ದಶಕದಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಹುಡುಗರು ಮಯಾಮಿ, ನ್ಯೂ ಆರ್ಲಿಯನ್ಸ್ ರೇಡಿಯೋಗಳಿಗೆ ಕಿವಿಗೊಟ್ಟು ಅಮೆರಿಕದ ರಿದಮ್ ಆ್ಯಂಡ್ ಬ್ಲೂಸ್ ಹೀರಿಕೊಂಡರು. ಅದನ್ನು ತಮ್ಮ ಮೆಂಟೊ ಎಂಬ ಜನಪದ ಹಾಡುಗಳ ಜೊತೆ ಕೂಡಿಸಿದಾಗ ಸ್ಕಾ ಎಂಬ ಶೈಲಿ ಬಂತು, 1966ರ ಹೊತ್ತಿಗೆ ನಡೆ ನಿಧಾನವಾಗಿ ರಾಕ್‌ಸ್ಟೆಡಿ ಆಯಿತು, 1968ರ ಸುಮಾರಿಗೆ ರೆಗ್ಗೆ. (ಟೂಟ್ಸ್ ಆ್ಯಂಡ್ ದ ಮೇಟಲ್ಸ್ ಆ ವರ್ಷ ‘ಡು ದ ರೆಗ್ಗೆ’ ಹಾಡಿದಾಗ ಪದಕ್ಕೊಂದು ವಿಳಾಸ ಸಿಕ್ಕಿತು.) ವೇಲರ್ಸ್ ಮೊದಲು ಹಾಡಲು ನಿಂತದ್ದು ಅಮೆರಿಕದ ಗಾಯನ ತಂಡಗಳನ್ನು, ಅದರಲ್ಲೂ ಕರ್ಟಿಸ್ ಮೇಫೀಲ್ಡ್‌ನ ಇಂಪ್ರೆಶನ್ಸ್ ಅನ್ನು, ಮಾದರಿಯಾಗಿಟ್ಟುಕೊಂಡು. ಝೆಪ್ಪೆಲಿನ್ ಇದನ್ನೆಲ್ಲ ಅಧ್ಯಯನ ಮಾಡಿ ಬೆರೆಸಿತು ಅಂತ ನಾನು ಹೇಳಲಾರೆ. ಕುರುಡನ ಕಲ್ಲು ಮಾವಿನಕಾಯಿಗೆ ತಗುಲಿದ ಹಾಗೆ. ತಗುಲಿದ್ದಂತೂ ನಿಜ.

ಈಗ ಅಭಿಮಾನಿಗಳ ವಾದಗಳನ್ನು ತೂಗಬಹುದು. ‘ದೈತ್ಯ ತಂಡಕ್ಕೆ ಈ ಹುಡುಗಾಟ ಬೇಕಿತ್ತೇ’ ಅನ್ನುವುದು ದುರ್ಬಲ ವಾದ. ಅದೇ ಆಲ್ಬಮ್‌ನಲ್ಲಿ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್‌ನನ್ನು ಅಣಕಿಸುವ ‘ದ ಕ್ರಂಜ್’ ಇದೆ, ತಂಡ ಆಗ ಆ ಮನಸ್ಥಿತಿಯಲ್ಲೇ ಇತ್ತು. ಎರಡನೆಯದು, ‘ಇದು ಜಮೈಕಾದವರನ್ನು ಗೇಲಿ ಮಾಡುತ್ತದೆ’ ಎಂಬುದು, ತೂಕದ ಪ್ರಶ್ನೆ. ಹೆಸರು ಗೇಲಿಯೇ. ಆದರೆ ಹಾಡಿನೊಳಗೆ ಪ್ಲಾಂಟ್ ಜಮೈಕಾದವರ ಉಚ್ಚಾರಣೆಯನ್ನು ಅಣಕಿಸುವುದಿಲ್ಲ. ಐದು ವರ್ಷದ ನಂತರ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ 10ಸಿಸಿ ತಂಡದ ‘ಡ್ರೆಡ್‌ಲಾಕ್ ಹಾಲಿಡೇ’ ಆ ಗೆರೆ ದಾಟುತ್ತದೆ. ಅದರಲ್ಲಿ ಬರುವ ಕ್ರಿಕೆಟ್ ಸಾಲು ನಮ್ಮ ಸ್ಟೇಡಿಯಂಗಳಲ್ಲೂ ಗುನುಗುವಷ್ಟು ಪ್ರಸಿದ್ಧ, ಆದರೂ. ನನ್ನ ಆಕ್ಷೇಪ ಬೇರೆ. 1972ರಲ್ಲೇ ಪೇಜ್ ಮತ್ತು ಪ್ಲಾಂಟ್ ಮುಂಬಯಿಗೆ ಬಂದು ಅಲ್ಲಿನ ವಾದಕರನ್ನು ಕೂರಿಸಿಕೊಂಡು ‘ಫ್ರೆಂಡ್ಸ್’ ಮತ್ತು ‘ಫೋರ್ ಸ್ಟಿಕ್ಸ್’ ನುಡಿಸಿ ರೆಕಾರ್ಡ್ ಮಾಡಿದರು. ಬಲ್ಲವರ ಜೊತೆ ಕೂತು ಕಲಿಯುವ ತಾಳ್ಮೆ ಅವರಿಗೆ ಇತ್ತು. ರೆಗ್ಗೆಗೆ ಆ ಗೌರವ ಸಿಗಲಿಲ್ಲ.

ಹಾಗಂತ ಕಿಂಗ್‌ಸ್ಟನ್ನಿಗೆ ಹೋದರೆ ರೆಗ್ಗೆ ತಾನಾಗಿ ಅಂಟಿಕೊಳ್ಳುತ್ತದೆಯೇ? ರೋಲಿಂಗ್ ಸ್ಟೋನ್ಸ್ 1972ರ ಕೊನೆಗೆ ಅಲ್ಲಿನ ಡೈನಮಿಕ್ ಸೌಂಡ್ ಸ್ಟುಡಿಯೋದಲ್ಲಿ ‘ಗೋಟ್ಸ್ ಹೆಡ್ ಸೂಪ್’ ಆಲ್ಬಮ್ ಮಾಡಿತು. ಹುಡುಕಿದರೂ ಅದರಲ್ಲಿ ಒಂದು ರೆಗ್ಗೆ ಹಾಡು ಸಿಗುವುದಿಲ್ಲ! ಎರಿಕ್ ಡೊನಾಲ್ಡ್‌ಸನ್‌ನ ‘ಚೆರಿ ಓ ಬೇಬಿ’ಯನ್ನು ಅವರು ಎತ್ತಿಕೊಂಡದ್ದು 1976ರಲ್ಲಿ. ಅದೇ ಸ್ಟುಡಿಯೋಗೆ ಮೊದಲೇ ಹೋಗಿದ್ದ ಅಮೆರಿಕದ ಗಾಯಕ ಪಾಲ್ ಸೈಮನ್ ಜಾಣತನ ಮಾಡಿದ. ಸ್ಥಳೀಯ ವಾದಕರ ಕೈಗೇ ತಾಳ ಕೊಟ್ಟು ತಾನು ಹಾಡಿದ. 1972ರ ‘ಮದರ್ ಆ್ಯಂಡ್ ಚೈಲ್ಡ್ ರಿಯೂನಿಯನ್’ ಇವತ್ತಿಗೂ ಎಡವದೆ ನಡೆಯುತ್ತದೆ.

ಬ್ರಿಟನ್ನಿನ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್‌ನ ಪ್ರಸಂಗ ಇನ್ನೂ ತೊಡಕಿನದು. ಮಾರ್ಲಿಯ ‘ಐ ಶಾಟ್ ದ ಶೆರಿಫ್’ ಅನ್ನು ಅವನು ಹಾಡಿದ್ದು 1974ರಲ್ಲಿ, ಜೊತೆಗಿದ್ದ ಗಿಟಾರ್ ವಾದಕ ಜಾರ್ಜ್ ಟೆರಿಯ ಒತ್ತಾಯಕ್ಕೆ. ಮೂಲದ ಅಂಚುಗಳನ್ನೆಲ್ಲ ಉಜ್ಜಿ ನುಣುಪು ಮಾಡಿದ ಆ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು, ಮಾರ್ಲಿಯ ಹೆಸರನ್ನು ಲಕ್ಷಾಂತರ ಮನೆಗಳಿಗೆ ಮುಟ್ಟಿಸಿತು. ಎರಡೇ ವರ್ಷಕ್ಕೆ, 1976ರ ಆಗಸ್ಟ್‌ನಲ್ಲಿ, ಅದೇ ಕ್ಲ್ಯಾಪ್ಟನ್ ಬರ್ಮಿಂಗ್‌ಹ್ಯಾಮ್‌ನ ವೇದಿಕೆಯಲ್ಲಿ ವಲಸಿಗರ ವಿರುದ್ಧ ಹರಿಹಾಯ್ದ. ‘ರಾಕ್ ಅಗೇನ್‌ಸ್ಟ್ ರೇಸಿಸಮ್’ ಚಳವಳಿ ಹುಟ್ಟಿದ್ದು ಆ ಮಾತಿಗೆ ಉತ್ತರವಾಗಿ. ಬೇರೆಯವರ ಸಂಗೀತವನ್ನು ಸಾಲ ತರುವ ಪ್ರಶ್ನೆಯನ್ನು ಎತ್ತುವವರು ಝೆಪ್ಪೆಲಿನ್‌ನ ಪೋಲಿ ಹೆಸರಿಗಿಂತ ಮೊದಲು ಇಲ್ಲಿ ಎತ್ತಬೇಕು ಎಂಬುದು ನನ್ನ ಎಣಿಕೆ.

ಅಂದಹಾಗೆ ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ತಯಾರಿಯ ಹಂತದಲ್ಲಿ ‘ಮೆಕ್ಸಿಕನ್ ರೆಗ್ಗೆ’ ಎಂದು ಕರೆಸಿಕೊಳ್ಳುತ್ತಿತ್ತು. ಕಾಲೇಜು ಹಾಸ್ಟೆಲುಗಳಲ್ಲಿ ಗಿಟಾರ್ ಕೈಗೆ ಬಂದವರೆಲ್ಲ ನುಡಿಸುವ ಆ ಹಾಡಿನ ರಿದಮ್ ಗಿಟಾರನ್ನೊಮ್ಮೆ ಪ್ರತ್ಯೇಕವಾಗಿ ಆಲಿಸಿ, ಸ್ಕ್ಯಾಂಕ್‌ನ ನೆರಳು ಕಾಣುತ್ತದೆ. ಅದನ್ನು ರೆಗ್ಗೆ ಅಂತ ಯಾರೂ ಘೋಷಿಸಲಿಲ್ಲ, ಯಾರೂ ಜಗಳಕ್ಕೂ ಬರಲಿಲ್ಲ.

ಕೊನೆಗೆ ಒಂದು ಮನೆಗೆಲಸ. ಝೆಪ್ಪೆಲಿನ್ ಆಲ್ಬಮ್ ಬಂದ ಮರುತಿಂಗಳೇ, 1973ರ ಏಪ್ರಿಲ್‌ನಲ್ಲಿ, ವೇಲರ್ಸ್‌ನ ‘ಕ್ಯಾಚ್ ಎ ಫೈರ್’ ಬಂತು. ಐಲ್ಯಾಂಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ಜಮೈಕಾದ ಟೇಪುಗಳನ್ನು ಲಂಡನ್ನಿನಲ್ಲಿ ಇಟ್ಟುಕೊಂಡು, ರಾಕ್ ಕೇಳುಗರಿಗೆ ಹಿಡಿಸಲಿ ಎಂದು, ಅಮೆರಿಕದ ವೇಯ್ನ್ ಪರ್ಕಿನ್ಸ್‌ನ ಗಿಟಾರನ್ನೂ ಜಾನ್ ‘ರ‍್ಯಾಬಿಟ್’ ಬಂಡ್ರಿಕ್‌ನ ಕೀಬೋರ್ಡನ್ನೂ ಅದರ ಮೇಲೆ ಸೇರಿಸಿದ. ಅಂದರೆ ಆ ವಸಂತದಲ್ಲಿ ರಾಕ್ ರೆಗ್ಗೆಯ ಅಂಗಿ ತೊಟ್ಟಿತ್ತು, ರೆಗ್ಗೆ ರಾಕ್‌ನ ಅಂಗಿ ತೊಟ್ಟಿತ್ತು. ಸೇರ್ಪಡೆ ಇಲ್ಲದ ಮೂಲ ಜಮೈಕಾ ಆವೃತ್ತಿ 2001ರಲ್ಲಿ ಹೊರಬಂದಿದೆ. ಎರಡರಲ್ಲೂ ‘ಕಾಂಕ್ರೀಟ್ ಜಂಗಲ್’ ಹಾಕಿ ಕೇಳಿ. ಲಂಡನ್ನಿನದರಲ್ಲಿ ಪರ್ಕಿನ್ಸ್‌ನ ಗಿಟಾರ್ ಅಳುತ್ತಾ ಮೇಲೇರುವಾಗ ಅದನ್ನು ಬಿಟ್ಟು ಬ್ಯಾರೆಟ್ ಸಹೋದರರ ಕಡೆ ಕಿವಿ ಇಡಿ, ಅಲ್ಲಿ ಏನಾದರೂ ಅಲುಗಿದೆಯೇ ನೋಡಿ. ಆಮೇಲೆ ಬೋನಮ್‌ಗೆ ವಾಪಸ್ ಬನ್ನಿ, ಕಾಲಲ್ಲಿ ತಾಳ ಹಾಕುತ್ತಾ. ಒಂದರ ಮೇಲೆ ಕಾಲು ಎತ್ತಿಯೇ ಇರಲು ಅವನು ಬಿಡುತ್ತಾನೆಯೇ?