ಮರಿ ಹವಳ ಕಂಡರೆ ಮೊದಲು ತಾಯಿಯನ್ನು ನೋಡಿ

‘ಸರ್, ಮನೆಯ ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಯ ಗಾಜಿಗೆ ಮರಿ ಹವಳ ಅಂಟಿಕೊಂಡಿದೆ!’ ಎಂದು ಯಾರಾದರೂ ಫೋಟೊ ಕಳಿಸಿದರೆ, ತಾಯಿ ಹವಳದ ಫೋಟೊವನ್ನೂ ಕಳಿಸಿ ಎನ್ನುತ್ತೇನೆ. ಸುಣ್ಣದ ಅಸ್ಥಿ ಕಟ್ಟುವ ಗಟ್ಟಿ ಹವಳ ಹೊಟ್ಟೆ ತುಂಬಿದಾಗಲೂ ಮರಿ ಮಾಡುತ್ತದೆ, ಜೀವಕ್ಕೆ ಕುತ್ತು ಬಂದಾಗಲೂ ಮಾಡುತ್ತದೆ.

ನೆಮ್ಮದಿಯ ದಾರಿ ಮೊಗ್ಗೊಡೆಯುವುದು. ಟಾರ್ಚ್ ಹವಳದ ಬಾಯಿ ಉದ್ದವಾಗುತ್ತಾ ಹೋಗಿ, ನಡು ಸಣ್ಣಗಾಗಿ, ಎರಡು ಬಾಯಾಗುತ್ತದೆ. ಕೆಳಗಿನ ಸುಣ್ಣದ ಕೊಂಬೂ ಕವಲೊಡೆಯುತ್ತದೆ. ಗೊನಿಯೊಪೊರಾ ಸ್ಟೋಕ್ಸಿ ಎಂಬ ಹವಳ ಮೈಮೇಲೆಯೇ ಪುಟ್ಟ ಉಂಡೆಗಳನ್ನು ಬೆಳೆಸಿ, ಅವುಗಳೊಳಗೆ ಸ್ವಂತ ಅಸ್ಥಿ ಮೂಡಿದ ಮೇಲೆ ಉದುರಿಸುತ್ತದೆ.

ಕುತ್ತಿನ ದಾರಿ ಬೇರೆ. ಪಾಲಿಪ್‌ಗಳು, ಅಂದರೆ ಹವಳವನ್ನು ಕಟ್ಟುವ ಪುಟ್ಟ ಜೀವಿಗಳು, ಪರಸ್ಪರ ಬೆಸೆದಿದ್ದ ಅಂಗಾಂಶವನ್ನು ಕಳಚಿಕೊಂಡು, ಅಸ್ಥಿಯನ್ನು ಬಿಟ್ಟು ಒಂದೊಂದಾಗಿ ತೇಲಿಹೋಗುತ್ತವೆ. ಸೀರಿಯಾಟೊಪೊರಾ ಎಂಬ ಹವಳದಲ್ಲಿ ಇದನ್ನು 1982ರಲ್ಲೇ ವರ್ಣಿಸಲಾಗಿದೆ. ಭೂತಗನ್ನಡಿ ಹಿಡಿದರೆ ಕಂದು ಚುಕ್ಕೆಯ ಸುತ್ತ ಗ್ರಹಣಾಂಗಗಳು ಅಲುಗುವುದು ಕಾಣುತ್ತದೆ. ಕೆಲವು ಮತ್ತೆ ನೆಲೆಯೂರುತ್ತವೆ, ಬಹಳಷ್ಟು ಫಿಲ್ಟರಿನ ಪಾಲು. ಆದರೆ ಪೊಸಿಲ್ಲೊಪೊರಾ ಡ್ಯಾಮಿಕಾರ್ನಿಸ್ ಎಂಬ ಹವಳ ಆರೋಗ್ಯವಾಗಿದ್ದಾಗಲೂ ತನ್ನದೇ ನಕಲಾದ ಲಾರ್ವಾಗಳನ್ನು ಬಿಡಬಲ್ಲದು. ಹಾಗಾಗಿ ಮರಿಯನ್ನಷ್ಟೇ ನೋಡಿ ಏನನ್ನೂ ಹೇಳಲಾಗದು. ತಾಯಿಯ ತುದಿಗಳು ಬೋಳಾಗಿ ಬಿಳಿ ಅಸ್ಥಿ ಇಣುಕುತ್ತಿದ್ದರೆ ಅದು ಸಂಭ್ರಮವಲ್ಲ, ಗುಳೆ.

ಬೆಂಗಳೂರಿನಲ್ಲಿ ನಾನು ಮೊದಲು ಅನುಮಾನಿಸುವುದು ಲವಣಾಂಶವನ್ನು. ಮಾರ್ಚ್, ಏಪ್ರಿಲ್‌ನ ಒಣ ಗಾಳಿಗೆ ನೀರು ಆವಿಯಾಗುತ್ತದೆ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಪಾಲಿಪ್‌ಗಳನ್ನು ಬೇಕೆಂದೇ ಬಿಡಿಸಲು ಮಾಡುವುದೂ ಇದನ್ನೇ: ನೀರನ್ನು ನಿಧಾನವಾಗಿ ಆವಿಯಾಗಲು ಬಿಡುತ್ತಾರೆ! ಇಳಿದ ಮಟ್ಟವನ್ನು ಆರ್‌ಓ ನೀರಿನಿಂದ ತುಂಬಿಸಿ. ಉಪ್ಪು ನೀರೂ ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಲವಣಾಂಶ ಸಾವಿರಕ್ಕೆ 35ರ ಆಸುಪಾಸಿನಲ್ಲಿರಲಿ. ಏರಿದ್ದರೆ ಒಂದೇ ದಿನದಲ್ಲಿ ಇಳಿಸುವ ಆತುರ ಬೇಡ. ಕರೆಂಟ್ ಹೋದಾಗ ನೀರು ಅಲುಗುವಂತೆ ಪಂಪಿಗೆ ಯುಪಿಎಸ್ ಇರಲಿ.

ಬೋಳಾದ ತಾಯಿಯನ್ನು ಕಸಕ್ಕೆ ಹಾಕಬಾರದು ಎಂಬುದರಲ್ಲಿ ಮಾತ್ರ ನನ್ನದು ಹಟ. ತಟ್ಟೆಯಾಕಾರದ ಫಂಜಿಯಾ ಹವಳ ಸತ್ತಂತೆ ಕಂಡರೂ ಅಸ್ಥಿಯಲ್ಲಿ ಅಲ್ಪಸ್ವಲ್ಪ ಅಂಗಾಂಶ ಉಳಿದಿದ್ದರೆ ಅದರಿಂದ ತೊಟ್ಟುಳ್ಳ ಮರಿಗಳು ಏಳಬಹುದು. ಬೆಳಕು ಬೀಳುವ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿಟ್ಟುಬಿಡಿ. ಮರಿಯ ಬಿಲ್ಲೆ ಬಲಿತು ತೊಟ್ಟಿನಿಂದ ಕಳಚಿಬಿದ್ದರೂ ಅದೇ ತೊಟ್ಟು ಇನ್ನೊಂದನ್ನು ಚಿಗುರಿಸುತ್ತದೆ.

ಒಂದು ಮಾತು, ಕಟುವಾದರೂ ಹೇಳಬೇಕು. ಗಟ್ಟಿ ಹವಳಗಳ ಇಡೀ ಗಣವೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ನೇತ್ರಾಣಿ ದ್ವೀಪದ ಬಳಿ ಮುಳುಗಿ ನೋಡಿ ಬನ್ನಿ, ಮುರಿದು ತರುವುದು ಅಪರಾಧ. ವಿದೇಶದ ಹವಳಕ್ಕೂ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕು. ಕಾಗದವಿಲ್ಲದೆ ಅಗ್ಗಕ್ಕೆ ಸಿಗುವ ತುಂಡನ್ನು ಕೊಳ್ಳಬೇಡಿ. ನಿಮ್ಮ ತೊಟ್ಟಿಯ ಮರಿಯನ್ನು ಗೆಳೆಯರಿಗೆ ಕೊಡುವ ಮುನ್ನವೂ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.