ಮುಂಬಯಿಯ ಮನೆಗೆ ಯಾವ ಎಸಿ? ಗಾಳಿಯಲ್ಲಿರುವ ನೀರನ್ನು ಮೊದಲು ಲೆಕ್ಕ ಹಾಕಿ

ಮಾಟುಂಗಾ, ಚೆಂಬೂರು, ಮುಲುಂಡ್ ಕಡೆಯ ಮೂರು–ನಾಲ್ಕು ಮಹಡಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರಾಭಿವೃದ್ಧಿಗೆ ಹೋಗುತ್ತಿವೆ. ಅಲ್ಲಿ ದಶಕಗಳ ಕಾಲ ಬಾಳಿದ ಕನ್ನಡಿಗ ಕುಟುಂಬಗಳು ಹೊಸ ಮನೆಗೆ ಹಾಲುಕ್ಕಿಸುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಇಡೀ ಮನೆಗೆ ಒಂದೇ ದೊಡ್ಡ ಯಂತ್ರ ಇಟ್ಟು ಫಾಲ್ಸ್ ಸೀಲಿಂಗ್ ಒಳಗೆ ಡಕ್ಟ್, ಅಂದರೆ ತಂಪು ಗಾಳಿ ಹರಿಸುವ ಕೊಳವೆ, ಎಳೆಯುವುದೋ, ಗೋಡೆಯ ಮೇಲೊಂದು ಒಳಘಟಕ, ಹೊರಗೊಂದು ಹೊರಘಟಕ ಇರುವ ಸ್ಪ್ಲಿಟ್ ಎಸಿಯನ್ನು ಕೋಣೆಗೊಂದರಂತೆ ಹಾಕಿಸುವುದೋ? ಸೀಲಿಂಗ್ ಮುಗಿದ ಮೇಲೆ ಮನಸ್ಸು ಬದಲಾದರೆ ಎಲ್ಲವನ್ನೂ ಒಡೆಯಬೇಕು. ಆದ್ದರಿಂದ ಇದನ್ನು ಮೊದಲೇ ತೀರ್ಮಾನಿಸಬೇಕು.

ನನ್ನ ತೀರ್ಮಾನವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಈ ಊರಿನ ಹೆಚ್ಚಿನ ಮನೆಗಳಿಗೆ ಡಕ್ಟ್ ಬೇಡ. ಸ್ಪ್ಲಿಟ್ ಸಾಕು, ಅದೂ ಅಂಗಡಿಯವರು ಒತ್ತಾಯಿಸುವುದಕ್ಕಿಂತ ಚಿಕ್ಕದು. ಇದಕ್ಕೆ ಬೆಲೆಗಿಂತ ದೊಡ್ಡ ಕಾರಣ ಇಲ್ಲಿನ ಗಾಳಿಯಲ್ಲಿರುವ ನೀರು.

ಮೇ ತಿಂಗಳ ಒಂದು ದಿನ ಮುಂಬಯಿಯಲ್ಲಿ 32 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 70ರಷ್ಟು ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಗರಿಷ್ಠ ನೀರಾವಿಯಲ್ಲಿ ಇಷ್ಟು ಪಾಲು) ಇದೆ ಎಂದುಕೊಳ್ಳೋಣ. ಆಗ ಪ್ರತಿ ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರು ಆವಿಯ ರೂಪದಲ್ಲಿರುತ್ತದೆ. 12 ಅಡಿ ಉದ್ದ, 10 ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರದ ಮಲಗುವ ಕೋಣೆ ಸುಮಾರು 32 ಘನ ಮೀಟರ್. ಅಂದರೆ ಆ ಕೋಣೆಯ ಗಾಳಿಯಲ್ಲಿ ಕಣ್ಣಿಗೆ ಕಾಣದಂತೆ ಮುಕ್ಕಾಲು ಲೀಟರ್ ನೀರು ತೇಲುತ್ತಿದೆ. ಏಪ್ರಿಲ್‌ನಲ್ಲಿ ಪುಣೆಯ ಉಷ್ಣತೆ 38 ಡಿಗ್ರಿಗೆ ಏರಿ ಆರ್ದ್ರತೆ ಶೇಕಡಾ 20ಕ್ಕೆ ಇಳಿದ ಮಧ್ಯಾಹ್ನ ಇದೇ ಲೆಕ್ಕ ಹಾಕಿದರೆ ಘನ ಮೀಟರಿಗೆ ಬರುವುದು 9 ಗ್ರಾಂ ಮಾತ್ರ. ಪುಣೆಯ ಗಾಳಿ ಹೆಚ್ಚು ಬಿಸಿ, ಆದರೆ ಒಣ. ಮುಂಬಯಿಯ ಗಾಳಿಯ ಬಿಸಿ ಕಡಿಮೆ, ನೀರು ಎರಡೂವರೆ ಪಟ್ಟು ಹೆಚ್ಚು. ಗೋವಾದ ಕರಾವಳಿಗೂ ಮುಂಬಯಿಯ ಲೆಕ್ಕವೇ ಸಲ್ಲುತ್ತದೆ.

ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ನೆಂಟರು ಕೇಳುವುದುಂಟು: "ನಾವು ಕೂಲರ್ ಇಟ್ಟುಕೊಂಡೇ ಬೇಸಿಗೆ ಕಳೆಯುತ್ತೇವೆ, ನಿಮಗೇಕೆ ಇಷ್ಟು ಖರ್ಚು?" ಅವರ ಮಾತು ಅವರ ಊರಿಗೆ ನೂರಕ್ಕೆ ನೂರು ಸರಿ. ಕೂಲರ್ ನೀರನ್ನು ಆವಿ ಮಾಡಿ ಗಾಳಿಯ ಶಾಖವನ್ನು ಹೀರುತ್ತದೆ. ಅದಕ್ಕೆ ಒಣ ಗಾಳಿ ಬೇಕು. ಮುಂಬಯಿಯಲ್ಲಿ ಗಾಳಿ ಆಗಲೇ ನೀರುಂಡು ತೇಗಿರುತ್ತದೆ. ಇನ್ನಷ್ಟು ಆವಿ ಸೇರಿಸಿದರೆ ಸೆಕೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಮೈಯ ಬೆವರು ಆರದೆ ಅಂಟಿಕೊಳ್ಳುವುದಕ್ಕೂ ಕಾರಣ ಇದೇ.

ಹಾಗಾಗಿ ಇಲ್ಲಿ ಎಸಿಗೆ ಎರಡು ಕೆಲಸ: ಗಾಳಿಯನ್ನು ತಣಿಸುವುದು, ಅದರಿಂದ ನೀರನ್ನು ಹಿಂಡಿ ತೆಗೆಯುವುದು. ಎರಡನೆಯದು ಸಣ್ಣ ಕೆಲಸವಲ್ಲ. ಒಂದು ಲೀಟರ್ ನೀರು ಆವಿಯಿಂದ ಮತ್ತೆ ನೀರಾಗುವಾಗ ಸುಮಾರು 2,450 ಕಿಲೋಜೌಲ್ ಶಾಖ ಬಿಡುಗಡೆಯಾಗುತ್ತದೆ. ಒಂದು ಟನ್ನಿನ ಎಸಿ ಎಂದರೆ 2,000 ಪೌಂಡ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುತ್ತಾ ಹೀರುವಷ್ಟು ಶಾಖವನ್ನು ಹೊರಹಾಕುವ ಯಂತ್ರ, ಅಂದರೆ ಸುಮಾರು 3.5 ಕಿಲೋವ್ಯಾಟ್. ಆ ಯಂತ್ರ ಪೂರ್ಣ ಶಕ್ತಿಯಲ್ಲಿ ಸುಮಾರು 12 ನಿಮಿಷ ಮಾಡುವ ಕೆಲಸ ಆ ಒಂದೇ ಒಂದು ಲೀಟರಿಗೆ ಹೋಗುತ್ತದೆ. ಅಷ್ಟಾದರೂ ಕೋಣೆಯ ಉಷ್ಣಮಾಪಕ ಆ ಕೆಲಸದಿಂದ ಒಂದು ಗೆರೆಯೂ ಕೆಳಗಿಳಿಯುವುದಿಲ್ಲ. ಬಾಗಿಲ ಸಂದಿಯಿಂದ ಹೊಸ ತೇವ ನುಗ್ಗುತ್ತಲೇ ಇರುತ್ತದೆ. ಮಲಗಿದವರ ಉಸಿರು, ಬೆವರು ಬೇರೆ. ನೀರು ಹೊರಹೋಗುವ ಕೊಳವೆಯ ಬಾಯಿಗೆ ಮಳೆಗಾಲದ ಹಿಂದುಮುಂದಿನ ದಿನಗಳಲ್ಲಿ ಬಕೆಟ್ ಇಟ್ಟು ನೋಡಿ, ಗಂಟೆಗೆ ಲೀಟರಿನಷ್ಟು ನೀರು ಬೀಳುವುದು ಅಪರೂಪವಲ್ಲ.

ಹವಾನಿಯಂತ್ರಣ ಹುಟ್ಟಿದ್ದೂ ತೇವದ ಕಾಟದಿಂದಲೇ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಬಗೆಹರಿಸಲು ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ರೂಪಿಸಿದ ವ್ಯವಸ್ಥೆಯೇ ಇಂದಿನ ಎಸಿಯ ಮೂಲ. ಆ ಮೂಲ ಉದ್ದೇಶವನ್ನು ನಾವು ಮರೆತಿದ್ದೇವೆ. ಅಂಗಡಿಯಲ್ಲಿ ನಿಂತು "ಎಷ್ಟು ಬೇಗ ತಣ್ಣಗಾಗುತ್ತದೆ?" ಎಂದಷ್ಟೇ ಕೇಳುತ್ತೇವೆ.

ಬೇಗ ತಣ್ಣಗಾಗುವ ದೊಡ್ಡ ಯಂತ್ರ ಈ ಊರಿನಲ್ಲಿ ಯಾಕೆ ಕೆಟ್ಟ ಆಯ್ಕೆ ಎಂಬುದನ್ನು ನೋಡಬೇಕು. ನೀರು ಇಳಿಯಬೇಕಾದರೆ ಒಳಗಿನ ಕಾಯಿಲ್, ಅಂದರೆ ಗಾಳಿಯನ್ನು ತಣಿಸುವ ಕೊಳವೆಗಳ ಸುರುಳಿ, ಮೊದಲು ಚೆನ್ನಾಗಿ ತಣಿಯಬೇಕು, ಅದರ ರೆಕ್ಕೆಗಳ ಮೇಲೆ ನೀರಿನ ಪೊರೆ ಕೂಡಬೇಕು, ಹನಿಗಟ್ಟಿ ತಟ್ಟೆಗೆ ಜಾರಬೇಕು. ಇದಕ್ಕೆ ಹಲವು ನಿಮಿಷ ಬೇಕು. 120 ಚದರ ಅಡಿ ಕೋಣೆಗೆ ಎರಡು ಟನ್ನಿನ ಸಾಮಾನ್ಯ ಯಂತ್ರ ಹಾಕಿದರೆ ಅಷ್ಟರಲ್ಲಿ ಗಾಳಿ ತಣ್ಣಗಾಗಿ ಉಷ್ಣತೆ ಕಾಯುವ ಥರ್ಮೋಸ್ಟಾಟ್, ಕಾಯಿಲ್ ತಣಿಸುವ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಫ್ಯಾನ್ ಮಾತ್ರ ತಿರುಗುತ್ತಾ ಕಾಯಿಲ್ ಮೇಲಿನ ನೀರನ್ನು ಮತ್ತೆ ಆವಿ ಮಾಡಿ ಕೋಣೆಗೇ ತುಂಬುತ್ತದೆ. ಫಲ: ಗೋಡೆಯ ಮೇಲಿನ ಅಂಕಿ 22, ಹಾಸಿಗೆ ತಣ್ಣಗೆ ಒದ್ದೆ, ಬೀರುವಿನೊಳಗಿನ ಚರ್ಮದ ಬೆಲ್ಟಿನ ಮೇಲೆ ಬೂಷ್ಟು. ಕೋಣೆಗೆ ತಕ್ಕ ಒಂದು ಟನ್ನಿನ ಇನ್ವರ್ಟರ್ ಯಂತ್ರವಾದರೆ ಕಂಪ್ರೆಸರಿನ ವೇಗವನ್ನು ತಗ್ಗಿಸಿಕೊಂಡು ಗಂಟೆಗಟ್ಟಲೆ ನಿಲ್ಲದೆ ಓಡುತ್ತದೆ, ನಿಧಾನವಾಗಿ ನೀರಿಳಿಸುತ್ತಲೇ ಇರುತ್ತದೆ. ಮಳೆಗಾಲದ ರಾತ್ರಿ ಡ್ರೈ ಮೋಡ್ ಒತ್ತಿದರೆ ಫ್ಯಾನಿನ ವೇಗ ಇಳಿದು ಕಾಯಿಲ್ ಇನ್ನಷ್ಟು ತಣಿಯುತ್ತದೆ. ಇಳಿಯುವ ನೀರು ಹೆಚ್ಚು, ಚಳಿ ಕಡಿಮೆ. ರಿಮೋಟಿನ ಆ ಗುಂಡಿಯನ್ನು ಎಷ್ಟೋ ಮನೆಗಳಲ್ಲಿ ಒಮ್ಮೆಯೂ ಒತ್ತಿರುವುದಿಲ್ಲ.

ಇನ್ನು ಡಕ್ಟಿನ ಮಾತು. ಅಮೆರಿಕದಲ್ಲಿ ಮನೆಗೊಂದು ಸೆಂಟ್ರಲ್ ಎಸಿ ರೂಢಿಯಾದದ್ದಕ್ಕೆ ಅಲ್ಲಿನ ಚಳಿಗಾಲವೂ ಒಂದು ಕಾರಣ. ಮನೆ ಬೆಚ್ಚಗಿಡಲು ಕುಲುಮೆಯಿಂದ ಬಿಸಿಗಾಳಿ ಹರಿಸುವ ಡಕ್ಟುಗಳು ಎಷ್ಟೋ ಮನೆಗಳಲ್ಲಿ ಮೊದಲೇ ಇದ್ದವು. ಅದೇ ಡಕ್ಟಿಗೆ ತಂಪು ಕಾಯಿಲ್ ಜೋಡಿಸಿದರಾಯಿತು. ಜಪಾನಿನಲ್ಲಿ ಕೋಣೆಯೊಂದನ್ನೇ ಬೆಚ್ಚಗೆ ಅಥವಾ ತಂಪಾಗಿ ಇಟ್ಟುಕೊಳ್ಳುವ ರೂಢಿ. ಸ್ಪ್ಲಿಟ್ ಅಲ್ಲಿ ಬೆಳೆಯಿತು. ಮುಂಬಯಿಯ ಮನೆಯಲ್ಲಿ ಕುಲುಮೆಯೂ ಇಲ್ಲ, ಡಕ್ಟೂ ಇಲ್ಲ, ಅದನ್ನು ಅಡಗಿಸುವ ಅಟ್ಟವೂ ಇಲ್ಲ. ಇರುವುದು ಒಂಬತ್ತೂವರೆ ಅಡಿಯ ಎತ್ತರ. ಅದರಲ್ಲಿ ಒಂದಡಿಯಷ್ಟನ್ನು ಡಕ್ಟಿಗೆ ಬಿಟ್ಟುಕೊಡಬೇಕು.

ಡಕ್ಟಿನಲ್ಲಿ ಶೇಕಡಾ 20–30ರಷ್ಟು ತಂಪು ಪೋಲಾಗುತ್ತದೆ ಎಂಬ ಮಾತನ್ನು ಇಲ್ಲಿಯೂ ಕೇಳುತ್ತೇವೆ. ಅದು ಅಮೆರಿಕದ ಮನೆಗಳಲ್ಲಿ ಸುಡುವ ಅಟ್ಟದ ಮೂಲಕ ಹಾಯುವ ಡಕ್ಟುಗಳ ಲೆಕ್ಕ. ನಮ್ಮಲ್ಲಿ ಡಕ್ಟಿನ ಮೇಲಿರುವುದು ಸಾಮಾನ್ಯವಾಗಿ ಇನ್ನೊಬ್ಬರ ಮನೆಯ ನೆಲ. ಸೋರಿದ ತಂಪಿನಲ್ಲಿ ಒಂದಿಷ್ಟು ಮನೆಯೊಳಗೇ ಉಳಿಯುತ್ತದೆ. ಕಡೆಯ ಮಹಡಿಯವರಿಗೆ ಮಾತ್ರ ಬಿಸಿಲು ಕಾಯಿಸಿದ ಆರ್‌ಸಿಸಿ ತಾರಸಿ ಆ ಅಟ್ಟದಂತೆಯೇ ಕಾಡುತ್ತದೆ. ನನಗೆ ಸೋರಿಕೆಗಿಂತ ಹೆಚ್ಚಿನ ಚಿಂತೆ ಡಕ್ಟಿನ ಬೆವರಿನದು. ಮೇಲೆ ಹೇಳಿದ 32 ಡಿಗ್ರಿಯ ಗಾಳಿ 26 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೇಲ್ಮೈಗೆ ತಾಗಿದರೂ ನೀರು ಬಿಡುತ್ತದೆ. ಡಕ್ಟಿನೊಳಗೆ ಹರಿಯುವ ಗಾಳಿ 13–14 ಡಿಗ್ರಿ. ಹೊರಗೆ ಸುತ್ತಿದ ನಿರೋಧಕ ಹಾಳೆಯ ಒಂದು ಜೋಡಣೆ ಬಿಚ್ಚಿಕೊಂಡರೆ ಸಾಕು, ಅಲ್ಲಿಂದ ಹನಿ ತೊಟ್ಟಿಕ್ಕಿ ಪಿಒಪಿ ಸೀಲಿಂಗಿನಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆ ಮೂಡುತ್ತದೆ. ಒಳಗೆ ಧೂಳು, ತೇವ ಸೇರಿ ಬೂಷ್ಟು ಹಿಡಿದರೆ ಕೈ ಹಾಕಿ ಒರೆಸುವಂತಿಲ್ಲ. ಸ್ಪ್ಲಿಟ್‌ನ ಜಾಲರಿಯನ್ನಾದರೆ ಭಾನುವಾರ ಬೆಳಿಗ್ಗೆ ನಲ್ಲಿಯ ಕೆಳಗೆ ಹಿಡಿದು ತೊಳೆಯಬಹುದು.

ಜೊತೆಗೆ, ನಾವು ತಂಪನ್ನು ಬಳಸುವ ರೀತಿಯೇ ಬೇರೆ. ಹಗಲು ಕಿಟಕಿ ತೆರೆದಿರುತ್ತದೆ, ಫ್ಯಾನ್ ತಿರುಗುತ್ತದೆ, ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತದೆ. ಎಸಿ ಶುರುವಾಗುವುದು ಊಟವಾದ ಮೇಲೆ, ಮಲಗುವ ಕೋಣೆಯಲ್ಲಿ. ಒಂದೇ ಥರ್ಮೋಸ್ಟಾಟಿನ ಡಕ್ಟ್ ಯಂತ್ರವಿದ್ದರೆ ರಾತ್ರಿಯಿಡೀ ಯಾರೂ ಇಲ್ಲದ ಹಾಲ್ ಕೋಣೆಯನ್ನೂ ತಣಿಸುತ್ತಿರಬೇಕು. ಕೋಣೆಗೊಂದು ಕವಾಟ ಇಟ್ಟು ಮುಚ್ಚಬಹುದು ನಿಜ. ಆದರೆ ಹೆಚ್ಚು ಕವಾಟ ಮುಚ್ಚಿದರೆ ಕಾಯಿಲ್ ಮೇಲೆ ಹಾಯುವ ಗಾಳಿ ಕಡಿಮೆಯಾಗಿ ಅದು ಹಿಮಗಟ್ಟುತ್ತದೆ. ಮುಂಬಯಿಯ ವಿದ್ಯುತ್ ದರವೂ ತಿಂಗಳಿಗೆ 100, 300, 500 ಯೂನಿಟ್ ದಾಟಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಖಾಲಿ ಹಾಲಿಗೆ ಸುರಿದ ಯೂನಿಟ್‌ಗಳಿಗೆ ತೆರುವುದು ಯಾವಾಗಲೂ ಮೇಲಿನ ಮೆಟ್ಟಿಲಿನ ದರ.

ಡಕ್ಟಿಗೆ ನ್ಯಾಯವಾದ ಜಾಗ ಇಲ್ಲವೆಂದಲ್ಲ. ಕನ್ನಡ ಸಂಘದ ಕಾರ್ಯಕ್ರಮಕ್ಕೆ 200 ಜನ ಸೇರುವ ಸಭಾಂಗಣವನ್ನು ಯೋಚಿಸಿ. ಸುಮ್ಮನೆ ಕುಳಿತ ಒಬ್ಬರಿಂದ ಸುಮಾರು 100 ವ್ಯಾಟ್ ಶಾಖ ಹೊಮ್ಮುತ್ತದೆ. ಜನರಿಂದಲೇ 20 ಕಿಲೋವ್ಯಾಟ್, ಅಂದರೆ ಆರು ಟನ್ನಿನ ಹತ್ತಿರ. ಅಲ್ಲಿ ಹೊರಗಿನ ಹೊಸ ಗಾಳಿಯನ್ನೂ ಅಳತೆಯಾಗಿ ಬೆರೆಸಬೇಕು. ಅದು ಡಕ್ಟಿನ ಕೆಲಸ. ಹಗಲಿರುಳು ತುಂಬಿರುವ ದೊಡ್ಡ ಮನೆಗೆ, ಉದ್ದನೆಯ ಹಾಲಿಗೆ ಒಂದೇ ಸಮ ತಂಪು ಹರಡುವುದರಲ್ಲಿ ಡಕ್ಟಿನದೇ ಮೇಲುಗೈ. ಹೊರಘಟಕ ಇಡಲು ಒಂದೇ ಕಟ್ಟೆ ಕೊಟ್ಟಿರುವ ಬಹುಮಹಡಿ ಕಟ್ಟಡಗಳಲ್ಲಿ ಒಂದು ಹೊರಘಟಕಕ್ಕೆ ಹಲವು ಒಳಘಟಕ ಜೋಡಿಸುವ ನಡುದಾರಿಯೂ ಇದೆ. ಜಪಾನಿನ ಡೈಕಿನ್ 1982ರಲ್ಲಿ ತಂದ ಈ ವ್ಯವಸ್ಥೆಯಲ್ಲಿ ಕೋಣೆಕೋಣೆಗೂ ಹಿಡಿತ ಬೇರೆ. ಆದರೆ ಹೊರಘಟಕ ಕೆಟ್ಟಿತೆಂದರೆ ಮನೆಯಿಡೀ ಸೆಕೆ.

ಸ್ಪ್ಲಿಟ್‌ನ ಒಂದು ಕೊರತೆಯನ್ನು ಮಾತ್ರ ಯಾರೂ ಕಡೆಗಣಿಸಬಾರದು. ಅದು ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿ ಇಬ್ಬರು ಮಲಗಿದರೆ ಇಂಗಾಲದ ಡೈಆಕ್ಸೈಡ್ ಹೊರಗಿನ ಸುಮಾರು 420 ಪಿಪಿಎಂನಿಂದ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಬೆಳಗಿನೊಳಗೆ 2,000 ದಾಟಬಹುದು. ಏಳುವಾಗ ತಲೆ ಭಾರವೆನಿಸುವುದಕ್ಕೆ ಇದೂ ಒಂದು ಕಾರಣ. ಮನೆಯ ಡಕ್ಟ್ ಯಂತ್ರವೂ ಹೊಸ ಗಾಳಿಯ ದಾರಿಯನ್ನು ಬೇರೆಯಾಗಿ ಕೊಡದಿದ್ದರೆ ಇದೇ ತಪ್ಪು ಮಾಡುತ್ತದೆ. ಬಾಗಿಲ ಕೆಳಗೆ ಅರ್ಧ ಇಂಚಿನ ಸಂದಿ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಸ್ವಲ್ಪ ಹೊತ್ತು ಓಡಿಸುವುದು, ಇಷ್ಟಾದರೂ ಬೇಕು.

ದೇಶದ ಇಂಧನ ದಕ್ಷತೆ ನಿಯಮದಂತೆ 2020ರ ಜನವರಿಯಿಂದ ಕೋಣೆಯ ಎಸಿಗಳು ತಾವಾಗಿಯೇ 24 ಡಿಗ್ರಿಯಲ್ಲಿ ಶುರುವಾಗುತ್ತವೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಅಂದಾಜು. ತೇವ ಇಳಿದ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಮೆಲ್ಲಗೆ ತಿರುಗುತ್ತಿದ್ದರೆ 26 ಡಿಗ್ರಿಯಲ್ಲೂ ಹೊದಿಕೆ ಬೇಕೆನಿಸುತ್ತದೆ. ಆದ್ದರಿಂದ ಫಾಲ್ಸ್ ಸೀಲಿಂಗಿನ ಅಂದಕ್ಕಾಗಿ ಫ್ಯಾನಿನ ಕೊಕ್ಕೆ ತೆಗೆಸಬೇಡಿ.

ಯಂತ್ರ ಒಳ್ಳೆಯದಾದರೂ ಜೋಡಿಸುವ ಕೈ ಸರಿಯಿರಬೇಕು. ಮೆಕ್ಯಾನಿಕ್ ತಾಮ್ರದ ಕೊಳವೆಯನ್ನು ಕತ್ತರಿಸಿ, ಅಂಚಿನ ಚೂರುಗಳನ್ನು ಕೆರೆದು, ಬಾಯಿಯನ್ನು ತುತ್ತೂರಿಯಂತೆ ಅಗಲಿಸಿ ನಟ್ಟಿಗೆ ಕೂರಿಸುವಾಗ ಹತ್ತಿರ ನಿಂತು ನೋಡಿ. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಕೊಳವೆಯೊಳಗಿನ ಗಾಳಿ, ತೇವ ಎರಡನ್ನೂ ಎಳೆದು ತೆಗೆಯಬೇಕು. ಪಂಪ್ ನಿಲ್ಲಿಸಿದ ಮೇಲೂ ಮಾಪಕದ ಮುಳ್ಳು ಕದಲದೆ ನಿಲ್ಲಬೇಕು. ಅವಸರದವರು ಪಂಪ್ ಬಿಟ್ಟು, ಒಂದಿಷ್ಟು ಗ್ಯಾಸನ್ನೇ ಹಾಯಿಸಿ ಗಾಳಿಯನ್ನು ಹೊರದೂಡುತ್ತಾರೆ. ತೇವ ಒಳಗೇ ಉಳಿದು ಎಣ್ಣೆಯನ್ನು ಕೆಡಿಸುತ್ತದೆ, ಕಂಪ್ರೆಸರಿನ ಆಯುಷ್ಯ ತಿನ್ನುತ್ತದೆ. ನೀರಿನ ಕೊಳವೆ ಉದ್ದಕ್ಕೂ ಇಳಿಜಾರಾಗಿರಬೇಕು. ಒಳಘಟಕದ ತಟ್ಟೆಗೆ ಒಂದು ಚೊಂಬು ನೀರು ಹೊಯ್ಯಿಸಿ, ಅದು ತಡೆಯಿಲ್ಲದೆ ಹೊರಬೀಳುವುದನ್ನು ಕಂಡ ಮೇಲೆಯೇ ಹಣ ಕೊಡಿ.

ಹೊರಘಟಕವನ್ನು ಇಕ್ಕಟ್ಟಾದ ಶಾಫ್ಟಿನಲ್ಲಿ ತುರುಕಿದರೆ ತಾನು ಉಗುಳಿದ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ವರ್ಲಿ, ಜುಹುವಿನಂತೆ ಸಮುದ್ರಕ್ಕೆ ಮುಖವಾಗಿದ್ದರೆ ಉಪ್ಪುಗಾಳಿ ಅದರ ರೆಕ್ಕೆಗಳನ್ನು ಕೊರೆಯುತ್ತದೆ. ಲೇಪನವಿರುವ ಕಾಯಿಲ್ ಕೇಳಿ ಪಡೆಯಿರಿ, ಆಗಾಗ ಸಿಹಿನೀರಿನಿಂದ ತೊಳೆಸಿ. ಹಾಗೆ ತೊಳೆಯುವವರು ನಿಲ್ಲಲು ಹೊರಗೆ ಗಟ್ಟಿಯಾದ ಕಟ್ಟೆ, ಹಿಡಿಯಲು ಕಂಬಿ ಇದೆಯೇ ಎಂಬುದನ್ನು ನಕ್ಷೆಯ ಹಂತದಲ್ಲೇ ಬಿಲ್ಡರ್ ಬಳಿ ಕೇಳಿ. ಹದಿನೆಂಟನೆಯ ಮಹಡಿಯ ಹೊರಗೆ ಆ ಕೆಲಸಕ್ಕೆ ಇಳಿಯುವುದು ಮೆಕ್ಯಾನಿಕ್ ಹುಡುಗ. ಕಟ್ಟಡ ಎದ್ದ ಮೇಲೆ ಆ ಕಟ್ಟೆಯನ್ನು ಸೇರಿಸಲು ಬರುವುದಿಲ್ಲ.