ಕ್ಲಿಪ್ಪು ಬಿಚ್ಚಿದ ಮೇಲೆ ಕಾಣುವ ಬಿಳಿ ಚೌಕ

ಒಂದೂವರೆ ಎರಡು ವರ್ಷ ಕ್ಲಿನಿಕ್ಕಿಗೆ ಅಲೆದು, ಕೊನೆಗೊಂದು ದಿನ ಮಗುವಿನ ಹಲ್ಲಿನ ಕ್ಲಿಪ್ಪು ಬಿಚ್ಚಿಸುವಾಗ ಅಪ್ಪ ಅಮ್ಮ ನೋಡುವುದು ಸಾಲನ್ನು. ಉಬ್ಬಿದ್ದ ಹಲ್ಲು ಒಳಗೆ ಹೋಯಿತೆ, ಸಂದು ಮುಚ್ಚಿತೆ ಎಂದು. ದಂತವೈದ್ಯರ ಕಣ್ಣು ಮಾತ್ರ ಬೇರೆ ಕಡೆ ಇರುತ್ತದೆ. ಅವರು ಗಾಳಿ ಊದಿ ಹಲ್ಲನ್ನು ಒಣಗಿಸಿ, ಬ್ರಾಕೆಟ್ (ತಂತಿ ಹಿಡಿದಿಡಲು ಹಲ್ಲಿಗೆ ಅಂಟಿಸುವ ಪುಟ್ಟ ಬಿಲ್ಲೆ) ಅಂಟಿದ್ದ ಜಾಗದ ಸುತ್ತ ಸುಣ್ಣದ ಬಣ್ಣದ ಕಲೆಯೇನಾದರೂ ಇದೆಯೇ ಎಂದು ಹುಡುಕುತ್ತಾರೆ. ಇದ್ದರೆ ಅದು ಹೆಚ್ಚಾಗಿ ಬ್ರಾಕೆಟ್ಟಿಗೂ ವಸಡಿಗೂ ನಡುವಿನ ಸಣ್ಣ ಪಟ್ಟಿಯಲ್ಲಿ. ಅಂಟಿನ ಅಡಿಯಲ್ಲಿದ್ದ ಹಲ್ಲು ಹೊಳೆಯುತ್ತಿರುತ್ತದೆ, ಅದರ ಸುತ್ತ ಮಾತ್ರ ಬಿಳಿ ಚೌಕಟ್ಟು.

ಇದೇನೂ ಅಪರೂಪದ ಸಂಗತಿಯಲ್ಲ. 1982ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕ್ಲಿಪ್ಪು ಹಾಕಿಸಿಕೊಂಡವರ ಪೈಕಿ ಸುಮಾರು ಅರ್ಧದಷ್ಟು ಜನರ ಬಾಯಲ್ಲಿ ಒಂದಾದರೂ ಇಂಥ ಕಲೆ ಸಿಕ್ಕಿತ್ತು. ಕ್ಲಿಪ್ಪು ಹಾಕಿಸದವರಲ್ಲಿ ಅದು ಕಾಲು ಭಾಗದಷ್ಟು ಮಾತ್ರ.

ಹಾಗಾದರೆ ತಂತಿಯೇ ಹಲ್ಲನ್ನು ಕೆಡಿಸಿತೆ? ಇಲ್ಲ. ತಂತಿ, ಬ್ರಾಕೆಟ್, ಅಂಟು ಯಾವುದೂ ಹಲ್ಲನ್ನು ಕರಗಿಸುವುದಿಲ್ಲ. ಅವು ಮಾಡುವುದಿಷ್ಟೇ: ನಾಲಿಗೆ, ಕೆನ್ನೆ, ಎಂಜಲು ದಿನವಿಡೀ ತೊಳೆಯುತ್ತಿದ್ದ ನುಣುಪಾದ ಜಾಗದಲ್ಲಿ ನೂರೆಂಟು ಮೂಲೆಗಳನ್ನು ಹುಟ್ಟಿಸುತ್ತವೆ. ಆ ಮೂಲೆಗಳಲ್ಲಿ ಪಾಚಿ ಕಟ್ಟುತ್ತದೆ. ದಂತವೈದ್ಯರು ಪ್ಲಾಕ್ ಎನ್ನುವ ಈ ಅಂಟಂಟಾದ ಪದರ ಬ್ಯಾಕ್ಟೀರಿಯಾಗಳ ದೊಡ್ಡ ಕೇರಿ. ಅಲ್ಲಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ನಂಥವು ನಾವು ತಿಂದ ಸಕ್ಕರೆಯನ್ನೇ ತಾವೂ ತಿಂದು ಆಮ್ಲವನ್ನು ಹೊರಹಾಕುತ್ತವೆ.

ಹಲ್ಲಿನ ಹೊರಪದರವಾದ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ತೂಕದಲ್ಲಿ ಅದರ ಶೇ. 96ರಷ್ಟು ಖನಿಜವೇ, ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ಆದರೂ ಆಮ್ಲದ ಮುಂದೆ ಅದರ ಆಟ ನಡೆಯದು. ಹಲ್ಲಿನ ಮೇಲಿನ ಪಿಎಚ್ (ಆಮ್ಲದ ಅಳತೆ; ಇದು ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಖನಿಜ ಕರಗತೊಡಗುತ್ತದೆ. ಮೇಲ್ಮೈ ಹಾಗೇ ಉಳಿದು ಅದರಡಿಯಲ್ಲಿ ಸೂಕ್ಷ್ಮ ರಂಧ್ರಗಳಾಗುತ್ತವೆ. ಬೆಳಕು ಅವುಗಳೊಳಗೆ ಚದುರಿ ಆ ಜಾಗ ಬೆಳ್ಳಗೆ ಕಾಣುತ್ತದೆ. ಹುಳುಕಿನ ಮೊದಲ ಮೆಟ್ಟಿಲು ಇದು. ನೋವಿಲ್ಲ, ಜುಮ್ಮೆನ್ನುವುದೂ ಇಲ್ಲ. ಪಾಚಿ ಕದಲದೆ ಕೂತರೆ ನಾಲ್ಕು ವಾರ ಸಾಕು, ಕಣ್ಣಿಗೆ ಕಾಣುವ ಕಲೆಯಾಗಲು. (ಬ್ರಾಕೆಟ್ ಅಂಟಿಸುವ ಮುನ್ನ ವೈದ್ಯರೇ ಆ ಜಾಗಕ್ಕೆ ಫಾಸ್ಫಾರಿಕ್ ಆಮ್ಲ ಸವರಿ ಕೆಲವು ಸೆಕೆಂಡುಗಳಲ್ಲಿ ತೊಳೆದುಬಿಡುತ್ತಾರೆ, ಅಂಟು ಹಿಡಿಯಲಿ ಎಂದು. ಅಮೆರಿಕದ ದಂತವೈದ್ಯ ಮೈಕೆಲ್ ಬ್ಯೂನೊಕೋರ್ 1955ರಲ್ಲಿ ತೋರಿಸಿಕೊಟ್ಟ ಉಪಾಯವದು. ಬ್ರಾಕೆಟ್ ಅಂಟಿಸುವುದು ರೂಢಿಗೆ ಬರುವ ಮುನ್ನ ಪ್ರತಿ ಹಲ್ಲಿಗೂ ಲೋಹದ ಉಂಗುರ ತೊಡಿಸಬೇಕಿತ್ತು.)

ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಲೆಕ್ಕ ಹಾಕುವುದು ಮಗು ಎಷ್ಟು ಸಿಹಿ ತಿಂದಿತೆಂದು. ಎಷ್ಟು ಸಲ ತಿಂದಿತು ಎನ್ನುವುದು ಅದಕ್ಕಿಂತ ಮುಖ್ಯ. 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಎಂಬ ವಿಜ್ಞಾನಿ ಗ್ಲೂಕೋಸ್ ನೀರಿನಲ್ಲಿ ಬಾಯಿ ಮುಕ್ಕಳಿಸಿದವರ ಹಲ್ಲಿನ ಪಾಚಿಯ ಪಿಎಚ್ ಅಳೆದರು. ಕೆಲವೇ ನಿಮಿಷಗಳಲ್ಲಿ ಅದು ಧಡಕ್ಕನೆ ಇಳಿಯಿತು; ಮೇಲೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಿತು. ಎಂಜಲು ನಿಧಾನವಾಗಿ ಆಮ್ಲವನ್ನು ತಣಿಸಿ, ಕಳೆದುಹೋದ ಕ್ಯಾಲ್ಸಿಯಂ, ಫಾಸ್ಫೇಟನ್ನು ಹಲ್ಲಿಗೆ ಹಿಂತಿರುಗಿಸುತ್ತದೆ. ಈ ಕೊಡು-ಕೊಳ್ಳುವಿಕೆ ಎಲ್ಲರ ಬಾಯಲ್ಲೂ ದಿನವಿಡೀ ನಡೆದೇ ಇರುತ್ತದೆ. ಈಗ ನಾಲ್ಕು ಬಿಸ್ಕತ್ತು ತೆಗೆದುಕೊಳ್ಳಿ. ಊಟದ ಬೆನ್ನಿಗೆ ನಾಲ್ಕನ್ನೂ ತಿಂದರೆ ಒಂದೇ ಸಲದ ಇಳಿತ. ಟ್ಯೂಷನ್ನಿಗೆ ಹೋಗುವಾಗ ಒಂದು, ಬಂದು ಒಂದು, ಹೋಂವರ್ಕ್ ಮಾಡುತ್ತ ಒಂದು, ಟಿವಿ ಮುಂದೆ ಒಂದು ಎಂದರೆ ಹಲ್ಲಿಗೆ ಎರಡರಿಂದ ನಾಲ್ಕು ಗಂಟೆ ಆಮ್ಲದ ಸ್ನಾನ. ಕ್ಲಿಪ್ಪಿನ ಮೂಲೆಗಳಿಗೆ ಎಂಜಲು ಸರಿಯಾಗಿ ತಲುಪುವುದಿಲ್ಲವಾದ್ದರಿಂದ ಅಲ್ಲಿ ಚೇತರಿಕೆಯೂ ತಡ. ಗುಟುಕು ಗುಟುಕಾಗಿ ಹೀರುವ ಪ್ಯಾಕೆಟ್ ಜ್ಯೂಸು ಈ ಲೆಕ್ಕದಲ್ಲಿ ಮೈಸೂರು ಪಾಕಿಗಿಂತ ಕೆಟ್ಟದ್ದು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಸಕ್ಕರೆಯ ಜೊತೆ ಹಣ್ಣಿನ ಆಮ್ಲವೂ ಇರುತ್ತದೆ, ಮುಗಿಯಲು ಹೊತ್ತೂ ಹಿಡಿಯುತ್ತದೆ.

ಇನ್ನು ಬ್ರಷ್. ಮಕ್ಕಳು ತಿಕ್ಕುವುದನ್ನು ಹತ್ತಿರ ನಿಂತು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ: ಬ್ರಷ್ಷು ಬ್ರಾಕೆಟ್‌ಗಳ ಮೇಲೆಯೇ ಜಾರಿಕೊಂಡು ಹೋಗುತ್ತದೆ. ಲೋಹ ಪಳಪಳ ಹೊಳೆಯುತ್ತದೆ, ಹಲ್ಲಿಗೆ ಕೂದಲೂ ತಾಗಿರುವುದಿಲ್ಲ. ಆದ್ದರಿಂದ ಒಂದೇ ಹಲ್ಲಿಗೆ ಎರಡು ಸಲ ಹೋಗಬೇಕು. ಮೊದಲು ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿಟ್ಟು, ಬ್ರಾಕೆಟ್ಟಿಗೂ ವಸಡಿಗೂ ನಡುವಿನ ಆ ಸಣ್ಣ ಪಟ್ಟಿಯಲ್ಲಿ ಮೆಲ್ಲಗೆ ಅಲುಗಾಡಿಸುವುದು. ಆಮೇಲೆ ಎದುರು ದಿಕ್ಕಿನಿಂದ, ಹಲ್ಲಿನ ತುದಿಯ ಕಡೆಯಿಂದ ತಂತಿಯ ಅಡಿಗೆ. ಎರಡು ಬ್ರಾಕೆಟ್‌ಗಳ ನಡುವೆ ತಂತಿಯ ಹಿಂದೆ ಉಳಿಯುವ ಕಿಂಡಿಗೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಇಂಟರ್‌ಡೆಂಟಲ್ ಬ್ರಷ್ ಬೇಕು. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ತಿಕ್ಕಿದ್ದು ಸರಿಯಾಯಿತೇ ಎಂಬ ವಾದ ಮನೆಯಲ್ಲಿ ದಿನಾ ನಡೆಯುತ್ತಿದ್ದರೆ, ಪಾಚಿಗೆ ಬಣ್ಣ ಹಿಡಿಸುವ ಮಾತ್ರೆ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಅಗಿದು ಉಗಿದರೆ ಉಳಿದ ಪಾಚಿಯೆಲ್ಲ ಕೆಂಪಗೆ ಕಾಣುತ್ತದೆ. ಹದಿಮೂರರ ಹುಡುಗನಿಗೆ ಅಮ್ಮನ ಮಾತಿಗಿಂತ ಕನ್ನಡಿಯ ಮೇಲೆ ನಂಬಿಕೆ ಹೆಚ್ಚು.

ರಾತ್ರಿಯ ತಿಕ್ಕುವಿಕೆಯನ್ನು ಬಿಡುವಂತೆಯೇ ಇಲ್ಲ. ನಿದ್ದೆಯಲ್ಲಿ ಎಂಜಲು ಸುರಿಯುವುದು ತೀರಾ ಕಡಿಮೆ, ರಿಪೇರಿ ಕೆಲಸವೂ ಹೆಚ್ಚುಕಡಿಮೆ ನಿಂತಿರುತ್ತದೆ. ತಿಕ್ಕಿದ ಮೇಲೆ ನೊರೆ ಉಗಿದರೆ ಸಾಕು, ನೀರು ತುಂಬಿಕೊಂಡು ಮುಕ್ಕಳಿಸಿದರೆ ಪೇಸ್ಟಿನ ಫ್ಲೋರೈಡೂ ಬಚ್ಚಲಿಗೆ ಹೋಗುತ್ತದೆ. ಖನಿಜ ಹಿಂತಿರುಗುವಾಗ ಫ್ಲೋರೈಡ್ ಜೊತೆಗೂಡಿದರೆ ಆಮ್ಲಕ್ಕೆ ಸುಲಭವಾಗಿ ಬಗ್ಗದ ಹರಳು ಕಟ್ಟುತ್ತದೆ. ಕೊಳ್ಳುವಾಗ ಟ್ಯೂಬಿನ ಹಿಂಭಾಗ ಓದಿ. ಗಿಡಮೂಲಿಕೆಯ ಹೆಸರು ಹೊತ್ತ ಎಷ್ಟೋ ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಇದ್ದರೆ ನಮ್ಮ ದೇಶದ ನಿಯಮದಂತೆ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಮೀರುವಂತಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರು ಇಲ್ಲಿ ಹುಬ್ಬೇರಿಸಬಹುದು. ಅಲ್ಲಿನ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದೆ, ಮಕ್ಕಳ ಹಲ್ಲಿನಲ್ಲಿ ಹುಟ್ಟಿನಿಂದಲೇ ಎಂಬಂತೆ ಬಿಳಿ, ಕಂದು ಕಲೆಗಳಿವೆ. ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಕುಡಿದ ನೀರಿನ ಪರಿಣಾಮ ಅದು. ಹನ್ನೆರಡರ ವಯಸ್ಸಿನಲ್ಲಿ ತಿಕ್ಕಿ ಉಗಿದ ಪೇಸ್ಟಿನಿಂದ ಬರುವುದಲ್ಲ. ಅಂಥ ಮಕ್ಕಳಿಗೆ ಕ್ಲಿಪ್ಪು ಹಾಕಿಸುವ ಮುನ್ನ ಹಲ್ಲಿನ ಫೋಟೋ ತೆಗೆದಿಡುವುದು ಒಳ್ಳೆಯದು, ಆಮೇಲೆ ಹಳೆಯ ಕಲೆ ಯಾವುದು ಹೊಸದು ಯಾವುದು ಎಂಬ ಗೊಂದಲ ಇರುವುದಿಲ್ಲ. ಅಂಥ ಎನಾಮಲ್‌ಗೆ ಅಂಟು ಸರಿಯಾಗಿ ಹಿಡಿಯದೆಯೂ ಇರಬಹುದು, ಅದನ್ನೂ ವೈದ್ಯರು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ಕ್ಲಿಪ್ಪಿನ ಮಗುವಿಗೆ ಎರಡೂ ಇವೆ, ನಡುವೆ ತಂತಿಯೂ ಇದೆ. ಕಬ್ಬು, ಚಿಕ್ಕಿ, ನಿಪ್ಪಟ್ಟು, ಕೋಡುಬಳೆ ಬ್ರಾಕೆಟ್ ಕಿತ್ತು ಚಿಕಿತ್ಸೆಯನ್ನು ವಾರಗಟ್ಟಲೆ ಮುಂದೂಡುತ್ತವೆ. ಸೀಬೆಹಣ್ಣನ್ನು ಹೋಳು ಮಾಡಿ ಕೊಡಿ, ಕಚ್ಚಿ ತಿನ್ನುವುದು ಬೇಡ. ತಂತಿ ಟೈಟ್ ಮಾಡಿಸಿದ ಎರಡು ಮೂರು ದಿನ ಏನು ಅಗಿದರೂ ನೋವು. ಆಗ ಬ್ರೆಡ್ಡು, ಕೇಕು, ಐಸ್‌ಕ್ರೀಮು ಕೊಡುವುದು ರೂಢಿ. ಮೆತ್ತಗಿವೆ ನಿಜ, ಆದರೆ ಪಾಚಿಗೂ ಅದೇ ಹಬ್ಬ. ಮೊಸರನ್ನ ಇದೆ, ಮೆತ್ತನೆಯ ಇಡ್ಲಿ ಇದೆ. ಹಳೇ ಮೈಸೂರಿನ ಮನೆಗಳಲ್ಲಂತೂ ರಾಗಿಮುದ್ದೆಯೇ ಇದೆ, ಅಗಿಯದೆ ನುಂಗುವುದಕ್ಕೇ ಹೇಳಿ ಮಾಡಿಸಿದ್ದು. ಸೊಪ್ಪಿನ ಸಾರಾದರೆ ಉಂಡ ಮೇಲೆ ಕನ್ನಡಿ ನೋಡಿಕೊಳ್ಳಬೇಕು, ಅಷ್ಟೇ. ಸಾರಿನ ಅರಿಶಿನಕ್ಕೆ ಬ್ರಾಕೆಟ್ಟಿನ ಬಿಳಿ ರಬ್ಬರು ಹಳದಿಯಾದರೆ ಗಾಬರಿ ಬೇಡ. ಬಣ್ಣ ಹಿಡಿದದ್ದು ರಬ್ಬರಿಗೆ, ಮುಂದಿನ ಭೇಟಿಯಲ್ಲಿ ಬದಲಾಗುತ್ತದೆ.

ವಸಡು ಊದಿ, ಬ್ರಷ್ ತಾಗಿದರೆ ರಕ್ತ ಬರುವುದೂ ಈ ವಯಸ್ಸಿನಲ್ಲಿ ಹೆಚ್ಚು. ಪಾಚಿಯ ಜೊತೆಗೆ ಹದಿಹರೆಯದ ಹಾರ್ಮೋನುಗಳೂ ಸೇರಿಕೊಂಡಿರುತ್ತವೆ. ರಕ್ತ ಕಂಡ ಮಗು ಆ ಜಾಗ ಬಿಟ್ಟು ತಿಕ್ಕುತ್ತದೆ, ಪಾಚಿ ಇನ್ನಷ್ಟು ಕೂರುತ್ತದೆ, ಊತ ಇನ್ನಷ್ಟು ಏರುತ್ತದೆ. ಮೆದು ಬ್ರಷ್ಷಿನಿಂದ ಅಲ್ಲೇ ಚೆನ್ನಾಗಿ ತಿಕ್ಕಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ರಕ್ತ ನಿಲ್ಲುತ್ತದೆ, ನಿಲ್ಲದಿದ್ದರೆ ತೋರಿಸಬೇಕು.

ಇಷ್ಟಾಗಿಯೂ ಕಲೆ ಉಳಿದರೆ, ಕ್ಲಿಪ್ಪು ಬಿಚ್ಚಿದ ಮೊದಲ ಕೆಲವು ತಿಂಗಳಲ್ಲಿ ಎಂಜಲೇ ಅದನ್ನು ಸ್ವಲ್ಪ ಮಟ್ಟಿಗೆ ಮಸುಕಾಗಿಸುತ್ತದೆ. ಕೂಡಲೇ ಹಲ್ಲು ಬಿಳುಪಾಗಿಸಲು ಓಡಬೇಕಿಲ್ಲ. ಹಟ ಹಿಡಿದ ಕಲೆಯ ರಂಧ್ರಗಳಿಗೆ ತೆಳುವಾದ ರಾಳ ಇಳಿಸಿ ಮರೆಮಾಡುವ ಚಿಕಿತ್ಸೆಯೂ ಈಗ ಇದೆ, ಆದರೆ ಖರ್ಚಿನದು. ಮಧ್ಯದಲ್ಲೇ ಕಲೆಗಳು ಹೆಚ್ಚುತ್ತ ಹೋದರೆ ವೈದ್ಯರು ತಂತಿಯನ್ನು ಕೆಲಕಾಲ ತೆಗೆದಿಡುವುದುಂಟು. ಇನ್ನೂ ಕೈಮೀರಿದರೆ ಹಲ್ಲು ಅರ್ಧ ಸರಿದಿರುವಾಗಲೇ ಇಡೀ ಕ್ಲಿಪ್ಪನ್ನು ಬಿಚ್ಚಿಬಿಡುವುದೂ ಉಂಟು, ಸೊಟ್ಟ ಹಲ್ಲಾದರೂ ಗಟ್ಟಿಯಾಗಿ ಉಳಿಯಲಿ ಎಂದು.